ಲಂಗರು ಹಿಡಿದರೆ ಮನೆ

(ಗೋವೆಯ ವಾಸ್ಕೋದಲ್ಲಿ ನಡೆದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಸಂದರ್ಭದಲ್ಲಿಯೇ ಸೇರಿಸಿದ್ದೇನೆ.)

ಹಿರಿಯರೇ, ಗೆಳೆಯರೇ,

"ತೆರೆಗೆ ಹೆದ್ರಿಕೆ ಆಗ್ಲಿಲ್ವಾ ಮಗಾ?" ಎಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜಿ ನಾನು ವೇದಿಕೆ ಹತ್ತುವ ಮೊದಲೇ ಕೈ ಹಿಡಿದು ಕೇಳಿದರು. ಅವರು ಕುಮಟೆಯ ಕಡೆಯವರು. ಗಂಡನನ್ನೂ ಮಗನನ್ನೂ ಮೀನುಗಾರಿಕೆಗೆ ಕಳಿಸಿ ದಡದಲ್ಲಿ ಕಾದವರು. ಅವರಿಗೆ ಸುಳ್ಳು ಹೇಳಲಾಗದು. ಹೆದರಿಕೆ ಆಗಿದೆ, ಆದರೆ ತೆರೆಗಿಂತ ಹೆಚ್ಚಾಗಿ ನಾನು ಹೆದರಿದ್ದು ದಡಕ್ಕೆ. ನೆಲದಿಂದ ಹತ್ತು ಮೈಲಿ ಆಚೆ, ಹಾಯಿಯಲ್ಲಿ ಹದವಾದ ಗಾಳಿ ತುಂಬಿರುವಾಗ, ದೋಣಿಗೆ ಬಡಿಯಲು ಅಲ್ಲಿ ಏನೂ ಇರುವುದಿಲ್ಲ. ಬಂಡೆ, ಮರಳ ದಿಬ್ಬ, ಬಲೆ, ಜೆಟ್ಟಿ, ಮತ್ತೊಬ್ಬರ ಬೋಟು ಇವೆಲ್ಲ ಇರುವುದು ದಡದ ಬಳಿ. ಮಕ್ಕಳನ್ನು ಕಟ್ಟಿಕೊಂಡು ದೋಣಿಯಲ್ಲಿ ಬದುಕುವವರು ಹತ್ತರಲ್ಲಿ ಒಂಬತ್ತು ರಾತ್ರಿ ಮಲಗುವುದೂ ಅಲ್ಲಿಯೇ.

ನಾನು ಹೊನ್ನಾವರದವಳು. ಶರಾವತಿಯ ಅಳಿವೆಯಲ್ಲಿ ಮಚವೆಗಳು, ಅಂದರೆ ಸರಕಿನ ಹಾಯಿದೋಣಿಗಳು, ಉಬ್ಬರ ಕಾಯುತ್ತ ಸಾಲಾಗಿ ನಿಲ್ಲುತ್ತಿದ್ದುದನ್ನು ಅಜ್ಜನ ಬಾಯಿಂದ ಕೇಳಿದ್ದೇನೆಯೇ ಹೊರತು ಕಂಡವಳಲ್ಲ. ನನ್ನ ಬಾಲ್ಯಕ್ಕಾಗಲೇ ಎಂಜಿನ್ ಬೋಟುಗಳ ಕಾಲ ಬಂದಿತ್ತು. ನಮ್ಮ ಮನೆಯವರು ಇಲ್ಲಿಯೇ ವಾಸ್ಕೋದಲ್ಲಿ ಹಡಗು ದುರಸ್ತಿಯ ಕೆಲಸದಲ್ಲಿದ್ದವರು. 36 ಅಡಿ ಉದ್ದದ, ಒಂದೇ ಹಾಯಿಕಂಬದ, ಫೈಬರ್ ಮೈಯ ಹಳೆಯ ದೋಣಿಯೊಂದನ್ನು ಕೊಂಡು, ಎರಡು ವರ್ಷ ರಜೆಗಳಲ್ಲೆಲ್ಲ ಅದನ್ನು ಸರಿಪಡಿಸಿ, ಮಗಳಿಗೆ ಹನ್ನೊಂದು, ಮಗನಿಗೆ ಏಳು ತುಂಬಿದ ವರ್ಷ ನಾವು ಅದರಲ್ಲಿ ವಾಸಕ್ಕೆ ಹೋದೆವು. ನವೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ದೋಣಿ, ಮಳೆಗಾಲಕ್ಕೆ ಬಾಡಿಗೆ ಮನೆ. ಹೀಗೆ ಎರಡು ಋತು ಕಳೆದೆವು. ಉತ್ತರಕ್ಕೆ ಮುಂಬೈ, ದಕ್ಷಿಣಕ್ಕೆ ಕೊಚ್ಚಿ, ನಮ್ಮ ಓಡಾಟ ಅಷ್ಟರೊಳಗೇ. ಸಾಗರ ದಾಟಿದವರಲ್ಲ ನಾವು, ಕರಾವಳಿಯ ಗುಂಟ ಸಾಗಿದವರು. ನಾನು ಹೇಳುವುದನ್ನು ದಯವಿಟ್ಟು ಆ ಅಳತೆಯಲ್ಲಿಯೇ ಕೇಳಬೇಕು.

ಗೋವೆಯಲ್ಲಿ ಹಾಯಿದೋಣಿ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು ಮ್ಹಾದೇಯಿಯ ಹೆಸರು. ಇಲ್ಲಿನ ದಿವಾರ್ ದ್ವೀಪದಲ್ಲಿ ತಯಾರಾಗಿ 2009ರಲ್ಲಿ ನೌಕಾಪಡೆ ಸೇರಿದ ಆ ದೋಣಿಯಲ್ಲಿ ದಿಲೀಪ್ ದೋಂಡೆಯವರು 2009-10ರಲ್ಲಿ ಒಬ್ಬರೇ ಜಗತ್ತು ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟೋಮಿಯವರು ಎಲ್ಲಿಯೂ ನಿಲ್ಲದೆ ಒಬ್ಬರೇ ಸುತ್ತಿದರು. ಅಲ್ಲಿಯೇ ತಯಾರಾದ ತಾರಿಣಿಯಲ್ಲಿ 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಆ ದಾರಿಯನ್ನು ಪೂರೈಸಿದರು. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಇಲ್ಲಿ ಮಾಂಡವಿಯಾಗುವ ಮಹದಾಯಿ ನದಿಯ ಹೆಸರೇ ಆ ಮ್ಹಾದೇಯಿ ದೋಣಿಯದು ಎಂಬುದು ನನಗೆ ಇಂದಿಗೂ ಮನಸ್ಸು ತುಂಬುವ ಸಂಗತಿ. ಆದರೆ ಅವೆಲ್ಲ ವರ್ಷಗಟ್ಟಲೆ ತರಬೇತಿ ಪಡೆದವರು ಕೈಗೊಂಡ ಯಾತ್ರೆಗಳು. ಸಂಸಾರದ ದೋಣಿಗೆ ಅದನ್ನು ಮಾದರಿಯಾಗಿ ಇಟ್ಟುಕೊಂಡರೆ ಏನನ್ನು ಕಲಿಯಬೇಕೋ ಅದು ಕಣ್ಣಿಗೆ ಬೀಳುವುದಿಲ್ಲ.

ಜಗತ್ತನ್ನು ಒಬ್ಬಂಟಿಯಾಗಿ ಮೊದಲು ಸುತ್ತಿದ ಜೋಶುವಾ ಸ್ಲೋಕಮ್‌ನನ್ನೇ ನೋಡಿ. 1895ರಿಂದ 1898ರವರೆಗಿನ ಆ ಯಾನ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, ಬ್ರೆಜಿಲ್ ಕರಾವಳಿಯಲ್ಲಿ ತನ್ನ ಹಡಗನ್ನು ಕಳೆದುಕೊಂಡಾಗ, ಅಲ್ಲಿಯೇ ಸಿಕ್ಕ ಮರದಿಂದ 35 ಅಡಿಯ ದೋಣಿ ಕಟ್ಟಿ, ಹೆಂಡತಿ ಹೆಟ್ಟಿ ಹೊಲಿದ ಹಾಯಿಗಳನ್ನು ಏರಿಸಿ, ಇಬ್ಬರು ಗಂಡುಮಕ್ಕಳೊಂದಿಗೆ ಅವನು ಅಮೆರಿಕಕ್ಕೆ ಸುಮಾರು 5,500 ಮೈಲಿ ಸಾಗಿ ಬಂದದ್ದು ಅಷ್ಟಾಗಿ ಗೊತ್ತಿಲ್ಲ. ದೋಣಿ ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲಿನಲ್ಲಿ ಗುಲಾಮರು ಬಿಡುಗಡೆ ಹೊಂದಿದ ದಿನ. ಆದ್ದರಿಂದಲೇ ಅದಕ್ಕೆ ಬಿಡುಗಡೆ ಎಂಬ ಅರ್ಥದ 'ಲಿಬರ್ದಾದೆ' ಎಂಬ ಹೆಸರಾಯಿತು. ಕಿರಿಯ ಮಗನಿಗೆ ಆಗ ಏಳು ವರ್ಷ, ನನ್ನ ಮಗ ದೋಣಿ ಹತ್ತಿದಾಗ ಇದ್ದಷ್ಟೇ ವಯಸ್ಸು. ಒಬ್ಬಂಟಿ ಯಾನಕ್ಕಿಂತ ಆ ಹೊಲಿಗೆಯ ಹಾಯಿಗಳೇ ನನಗೆ ಹೆಚ್ಚು ಹತ್ತಿರ.

ಇನ್ನು ಲಂಗರಿನ ವಿಷಯಕ್ಕೆ ಬರುತ್ತೇನೆ. ದೋಣಿಯಲ್ಲಿ ಸಂಸಾರ ಹೂಡುವವರು ಹಾಯಿ ಬಿಚ್ಚುವುದಕ್ಕಿಂತ ಮೊದಲು ಲಂಗರು ಹಾಕುವುದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಳು ಟನ್ ತೂಕದ ನಮ್ಮ ದೋಣಿಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಇಪ್ಪತ್ತು ಕಿಲೋದ ಲಂಗರು. ತೂಕದಿಂದ ಅದು ಹಿಡಿಯುವುದಿಲ್ಲ, ನೇಗಿಲು ನೆಲ ಹಿಡಿದಂತೆ ಹಿಡಿಯುತ್ತದೆ. ನೆಲಕ್ಕೆ ಸಮನಾಗಿ ಎಳೆದರೆ ಕೆಸರಿನೊಳಗೆ ಇಳಿಯುತ್ತ ಹೋಗುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಎಳೆತ ಸಮನಾಗಿರಬೇಕಾದರೆ ಸರಪಳಿ ಧಾರಾಳವಾಗಿ ತಳದ ಮೇಲೆ ಮಲಗಿರಬೇಕು. ನೀರಿನ ಆಳ, ಅದಕ್ಕೆ ಮುಂದಿನ ಉಬ್ಬರದಲ್ಲಿ ಏರುವ ನೀರು, ಅದಕ್ಕೆ ನೀರಿನಿಂದ ದೋಣಿಯ ಮೂತಿಯ ಎತ್ತರ, ಈ ಮೂರನ್ನೂ ಕೂಡಿಸಿ ಕನಿಷ್ಠ ಐದು ಪಟ್ಟು, ಗಾಳಿ ಜೋರಿದ್ದರೆ ಏಳು ಪಟ್ಟು ಸರಪಳಿ ಬಿಡಬೇಕು. ನೆನಪಿಗೆಂದು ಸರಪಳಿಗೆ ಐದೈದು ಮೀಟರಿಗೆ ಬಣ್ಣ ಹಚ್ಚಿರುತ್ತೇವೆ.

ಈ ಲೆಕ್ಕವನ್ನು ನಾನು ಕಲಿತದ್ದು ಮಹಾರಾಷ್ಟ್ರ ಕರಾವಳಿಯ ವಿಜಯದುರ್ಗದಲ್ಲಿ. ಮೊದಲ ಋತುವಿನ ಡಿಸೆಂಬರ್. ಕೋಟೆಯ ಒಳಬದಿಗೆ, ವಾಘೋಟಣ ನದಿಯ ಅಳಿವೆಯಲ್ಲಿ ಕತ್ತಲಾಗುವ ಹೊತ್ತಿಗೆ ಬಂದು ಸೇರಿದೆವು. ಇಡೀ ಮಧ್ಯಾಹ್ನ ವಾಯವ್ಯದ ಗಾಳಿಗೆ ಎದುರಾಗಿ ಬಂದು ಎಲ್ಲರೂ ಬಳಲಿದ್ದೆವು. ಆಳ ತೋರಿಸುವ ಯಂತ್ರದಲ್ಲಿ ನಾಲ್ಕು ಮೀಟರ್ ಇತ್ತು. ನಾಲ್ಕೈದಲ ಇಪ್ಪತ್ತು ಎಂದು ಲೆಕ್ಕ ಹೇಳಿದವಳು ನಾನೇ. ಇಪ್ಪತ್ತು ಮೀಟರ್ ಸರಪಳಿ ಬಿಟ್ಟು, ಗಂಜಿ ಉಂಡು ಮಲಗಿದೆವು. ಅದು ಇಳಿತದ ಹೊತ್ತು ಎಂಬುದನ್ನು, ಬೆಳಗಿನ ಜಾವಕ್ಕೆ ಸುಮಾರು ಎರಡು ಮೀಟರ್ ನೀರು ಏರುತ್ತದೆ ಎಂಬುದನ್ನು, ದೋಣಿಯ ಮೂತಿಯೇ ನೀರಿನಿಂದ ಒಂದು ಮೀಟರ್ ಮೇಲಿದೆ ಎಂಬುದನ್ನು ನಾನು ಕೂಡಿಸಿರಲಿಲ್ಲ. ಏಳೈದಲ ಮೂವತ್ತೈದು ಆಗಬೇಕಾಗಿತ್ತು.

ನಮ್ಮ ಕರಾವಳಿಯಲ್ಲಿ ಚಳಿಗಾಲದ ಗಾಳಿಗೆ ಒಂದು ದಿನಚರಿ ಇದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲ ಕಡೆಯಿಂದ ಬೀಸುತ್ತದೆ, ನೆಲ ತಣ್ಣಗಾದ ಮೇಲೆ ನಡುರಾತ್ರಿ ದಾಟಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಗಾಳಿ ತಿರುಗಿದಂತೆ ದೋಣಿಯೂ ತಿರುಗುತ್ತದೆ, ಸಂಜೆ ಒಂದು ಕಡೆಗೆ ಕಚ್ಚಿದ ಲಂಗರನ್ನು ಈಗ ಅದರ ಬೆನ್ನ ಕಡೆಗೆ ಎಳೆಯುತ್ತದೆ. ಸರಪಳಿ ಸಾಕಷ್ಟಿದ್ದರೆ ಲಂಗರು ತಾನೇ ಹೊರಳಿ ಮತ್ತೆ ಕಚ್ಚಿಕೊಳ್ಳುತ್ತದೆ. ನಮ್ಮದು ಕಚ್ಚಲಿಲ್ಲ. ಎರಡು ಗಂಟೆಯ ಸುಮಾರಿಗೆ ನೀರು ಕುಡಿಯಲು ಎದ್ದ ಮಗಳು ಕ್ಯಾಬಿನ್ನಿನ ಬಾಗಿಲಿನಿಂದ ಹೊರಗೆ ನೋಡಿ ನನ್ನ ಭುಜ ಅಲುಗಿಸಿ, "ಅಮ್ಮಾ, ಕೋಟೆ ದೊಡ್ಡದಾಗಿದೆ" ಎಂದಳು.

ನಿದ್ದೆಗಣ್ಣಿನಲ್ಲಿ ಆ ಮಾತಿನ ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಮೇಲೆ ಬಂದು ನೋಡಿದರೆ ಪಶ್ಚಿಮದ ಆಕಾಶದಲ್ಲಿ ಅರ್ಧದಷ್ಟು ನಕ್ಷತ್ರಗಳಿಲ್ಲ. ಅವುಗಳಿದ್ದ ಜಾಗದಲ್ಲಿ ಕಪ್ಪು ಗೋಡೆ. ತೆರೆ ಬಂಡೆಗೆ ತಾಗುವ ಸದ್ದು ಮಾತಾಡುವಷ್ಟು ಹತ್ತಿರದಲ್ಲಿ ಕೇಳುತ್ತಿತ್ತು. ಮುಂಗೈಯಲ್ಲಿ ಸರಪಳಿ ಮುಟ್ಟಿದಾಗ ಅದು ಗರಗರ ನಡುಗುತ್ತಿತ್ತು. ಲಂಗರು ತಳದ ಮೇಲೆ ಜಾರುವಾಗ ಆ ನಡುಕ ಬರುತ್ತದೆ, ಒಮ್ಮೆ ಮುಟ್ಟಿದ ಕೈ ಅದನ್ನು ಮರೆಯುವುದಿಲ್ಲ. ಮನೆಯವರು ಎಂಜಿನ್ ಹಾಕಿದರು, ನಾನು ಸರಪಳಿ ಎಳೆದೆ, ಮಗ ಟಾರ್ಚ್ ಹಿಡಿದು ಅಲುಗದೆ ನಿಂತ. ಕೋಟೆಯ ಬುಡಕ್ಕೂ ನಮಗೂ ನಡುವೆ ಎರಡು ದೋಣಿಯುದ್ದದ ನೀರು ಉಳಿದಿತ್ತು. ಮತ್ತೆ ಒಳಗೆ ಹೋಗಿ ನಲವತ್ತು ಮೀಟರ್ ಸರಪಳಿ ಬಿಟ್ಟು, ಎಂಜಿನ್ ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದ್ದನ್ನು ಪರೀಕ್ಷಿಸಿ, ಬೆಳಗಾಗುವವರೆಗೆ ಡೆಕ್ಕಿನ ಮೇಲೆ ಕುಳಿತೆವು.

ಆ ಮೇಲೆ ನಮ್ಮ ದೋಣಿಯಲ್ಲಿ ಒಂದು ಪದ್ಧತಿ ಬಂತು. ಲಂಗರು ಹಾಕಿದ ಮೇಲೆ ದಡದ ಎರಡು ಗುರುತುಗಳನ್ನು, ಒಂದು ತೆಂಗಿನ ಮರದ ಹಿಂದೆ ಒಂದು ದೀಪದ ಕಂಬ ಎಂಬಂತೆ, ಒಂದೇ ಸಾಲಿನಲ್ಲಿ ನೋಡಿಟ್ಟುಕೊಳ್ಳುವುದು, ಅದನ್ನು ಮಗಳು ಪುಸ್ತಕದಲ್ಲಿ ಬರೆಯುವುದು, ಗಾಳಿ ತಿರುಗುವ ಹೊತ್ತಿಗೆ ಯಾರಾದರೊಬ್ಬರು ಎದ್ದು ನೋಡುವುದು. ಫೋನಿನಲ್ಲಿ ದೋಣಿ ಜಾಗ ಬಿಟ್ಟರೆ ಕೂಗುವ ಆ್ಯಪ್‌ಗಳಿವೆ, ಅವನ್ನೂ ಬಳಸಬೇಕು. ಆದರೆ ಕಣ್ಣಿನ ಗುರುತನ್ನು ನಾನು ಎಂದೂ ಬಿಟ್ಟಿಲ್ಲ.

ದೊಡ್ಡ ಹಡಗುಗಳಿಗೂ ಇದೇ ನಿಯಮ. 2000ದ ಜೂನ್‌ನಲ್ಲಿ ಮಳೆಗಾಲದ ಹೊಡೆತಕ್ಕೆ ಸಿಕ್ಕು ಕಾಂದೋಳಿಯ ಮರಳಿಗೆ ಬಂದು ಕೂತ ರಿವರ್ ಪ್ರಿನ್ಸೆಸ್ ಹಡಗು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ತುಕ್ಕು ಹಿಡಿದದ್ದನ್ನು ಇಲ್ಲಿರುವ ಎಲ್ಲರೂ ನೋಡಿದ್ದೀರಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಂಬೈ ಆಚೆಯ ತೈಲ ಪ್ರದೇಶದಲ್ಲಿ ಪಿ-305 ಎಂಬ ಬಾರ್ಜಿನ, ಅಂದರೆ ಚಪ್ಪಟೆ ತಳದ ದೊಡ್ಡ ನೌಕೆಯ, ಲಂಗರುಗಳು ಕಿತ್ತುಹೋಗಿ, ಅದು ಮುಳುಗಿ, 60ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಲ್ಲಿ ಯಾವ ಲಂಗರನ್ನೂ ನಂಬಿ ಕೂರಲಾಗದು. ಗಾಳಿ ಬರುವ ಮೊದಲೇ ಅಲ್ಲಿಂದ ಏಳಬೇಕು.

ಲಂಗರು ಹಿಡಿದ ಮೇಲೆ ದೋಣಿ ಮನೆಯಾಗುತ್ತದೆ. ಆ ಮನೆಯಲ್ಲಿ ಎಲ್ಲಕ್ಕಿಂತ ಮೊದಲ ಮಾತು ನೀರು. ನಮ್ಮ ಎರಡು ಟ್ಯಾಂಕುಗಳಲ್ಲಿ ಒಟ್ಟು 300 ಲೀಟರ್ ಹಿಡಿಯುತ್ತಿತ್ತು. ನಾಲ್ವರಿಗೆ ದಿನಕ್ಕೆ 25 ಲೀಟರ್ ಎಂದು ಗೊತ್ತು ಮಾಡಿದರೆ ಹನ್ನೆರಡು ದಿನ. ಫ್ಲ್ಯಾಟಿನಲ್ಲಿ ನಲ್ಲಿ ತಿರುಗಿಸಿ ಅಭ್ಯಾಸವಾದವರಿಗೆ ಇದು ಮೊದಮೊದಲು ಶಿಕ್ಷೆಯಂತೆ ಕಾಣುತ್ತದೆ. ಪಾತ್ರೆಗಳನ್ನು ಶುದ್ಧವಾದ ಕಡಲ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಸಿಹಿನೀರಿನಲ್ಲಿ ಅದ್ದುವುದು, ಸ್ನಾನವನ್ನು ಕಡಲಿನಲ್ಲಿ ಮುಗಿಸಿ ಮೇಲೆ ಒಂದು ತಂಬಿಗೆ ಸಿಹಿನೀರು ಹೊಯ್ದುಕೊಳ್ಳುವುದು, ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಇಡುವುದು. ನಲ್ಲಿಗೆ ವಿದ್ಯುತ್ ಪಂಪ್ ಇತ್ತು. ಅದನ್ನು ತೆಗೆಸಿ ಕಾಲಿನಲ್ಲಿ ಒತ್ತುವ ಪಂಪ್ ಹಾಕಿಸಿದೆವು. ಒತ್ತಿದಷ್ಟೇ ನೀರು ಬರುತ್ತದೆ ಎಂದಾದಾಗ ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ. ಬಾವಿಯಿಂದ ನೀರು ಸೇದಿ ಬೆಳೆದ ನನ್ನ ಅಮ್ಮ ಒಮ್ಮೆ ಕಾರವಾರದಲ್ಲಿ ನಮ್ಮೊಡನೆ ಮೂರು ದಿನ ಇದ್ದರು. ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಅಡುಗೆಗೆ ಪ್ರೆಷರ್ ಕುಕ್ಕರಿನಷ್ಟು ಒಳ್ಳೆಯ ಸಂಗಾತಿ ಇಲ್ಲ, ದೋಣಿ ವಾಲಿದರೂ ಮುಚ್ಚಳ ಬಿಗಿದ ಕುಕ್ಕರ್ ಚೆಲ್ಲುವುದಿಲ್ಲ. ಆದರೆ ಗ್ಯಾಸಿನ ಬಗ್ಗೆ ಎಚ್ಚರ ಹೇಳಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ಹೊರಗೆ ಹೋಗಬಹುದು. ದೋಣಿಯಲ್ಲಿ ಸೋರಿದರೆ ಹೊಟ್ಟೆಯ ತಳಕ್ಕೆ ಇಳಿದು ಅಲ್ಲಿಯೇ ಕೂರುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಇರಬೇಕಾದದ್ದು ಡೆಕ್ಕಿನ ಮೇಲಿನ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿ. ಒಲೆ ಆರಿಸಿದ ಪ್ರತಿ ಸಲವೂ ಸಿಲಿಂಡರನ್ನೇ ಬಂದ್ ಮಾಡಬೇಕು. ಆ ಕೆಲಸ ಮಗನದು. ಏಳು ವರ್ಷದ ಹುಡುಗ ಮೇಲೆ ಹೋಗಿ ತಿರುಪು ತಿರುಗಿಸಿ "ಗ್ಯಾಸ್ ಬಂದ್" ಎಂದು ಕೂಗುತ್ತಿದ್ದ. ಆ ಕೂಗು ಕೇಳುವವರೆಗೆ ನಾವು ಊಟಕ್ಕೆ ಕೂರುತ್ತಿರಲಿಲ್ಲ. ವಿದ್ಯುತ್ತು ಎರಡು ಸೌರ ಫಲಕಗಳಿಂದ. ಅದರ ಬಹುಪಾಲನ್ನು ಪುಟ್ಟ ಫ್ರಿಜ್ಜೇ ನುಂಗುತ್ತಿತ್ತು ಎಂದಷ್ಟು ಹೇಳಿದರೆ ಸಾಕು.

ಮಕ್ಕಳ ಓದಿನ ಬಗ್ಗೆ ಇಲ್ಲಿರುವ ಶಿಕ್ಷಕರು ಚಿಂತೆಯಿಂದ ಕೇಳಿದರು. ಅವರ ಚಿಂತೆ ನ್ಯಾಯವಾದದ್ದು. ಮುಕ್ತ ಶಾಲೆಯ ರಾಷ್ಟ್ರೀಯ ಸಂಸ್ಥೆ ಇದೆ, ಅದರ ಪಠ್ಯಗಳನ್ನು ಇಟ್ಟುಕೊಂಡು ಬೆಳಿಗ್ಗೆ ಮೂರು ಗಂಟೆ ಪಾಠ ನಡೆಯುತ್ತಿತ್ತು. ಕನ್ನಡವನ್ನು ನಾನೇ ಕಲಿಸಿದೆ. ಗಣಿತಕ್ಕೆ ಕಡಲೇ ನೆರವಾಯಿತು. ದಕ್ಷಿಣ ಗೋವೆಯ ಬೇತೂಲಿನಲ್ಲಿ ಸಾಳ ನದಿಯ ಅಳಿವೆಗೆ ಅಡ್ಡಲಾಗಿ ಮರಳಿನ ದಿಬ್ಬ ಇದೆ; ನಮ್ಮ ದೋಣಿ ತೇಲಲು 1.7 ಮೀಟರ್ ನೀರು ಬೇಕು. ನೀರು ಏರುವುದು ಒಂದೇ ವೇಗದಲ್ಲಲ್ಲ. ಆರು ಗಂಟೆಯ ಉಬ್ಬರವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಇಳಿತದಲ್ಲಿ ದಿಬ್ಬದ ಮೇಲೆ 1.2 ಮೀಟರ್ ಇದೆ, ಒಟ್ಟು ಏರುವುದು 1.8 ಮೀಟರ್, ಹಾಗಾದರೆ ಎಷ್ಟು ಹೊತ್ತಿಗೆ ಒಳಗೆ ಹೋಗಬಹುದು? ಮಗಳು ಪೆನ್ಸಿಲ್ ಹಿಡಿದು, ಮೂರು ಗಂಟೆಗೆ 2.1 ಮೀಟರ್, ನಾಲ್ಕಕ್ಕೆ 2.55 ಎಂದು ಬರೆದು, ನಾಲ್ಕು ಗಂಟೆ ಕಾಯೋಣ ಎಂದಳು. ಕಾದೆವು. ತಳ ತಾಗಲಿಲ್ಲ. ಭಿನ್ನರಾಶಿಯ ಲೆಕ್ಕ ತಪ್ಪಿದರೆ ಇಡೀ ಮನೆ ಮರಳಿಗೆ ಕೂರುತ್ತದೆ ಎಂದು ಗೊತ್ತಿದ್ದ ಹುಡುಗಿಗೆ ಆ ಲೆಕ್ಕ ಮತ್ತೆ ಹೇಳಿಕೊಡಬೇಕಾಗಲಿಲ್ಲ. ಆದರೆ ಕೊರತೆಯನ್ನೂ ಹೇಳುತ್ತೇನೆ: ಓರಗೆಯ ಗೆಳತಿಯರಿಲ್ಲದೆ ಅವಳು ಒಂಟಿಯಾಗಿದ್ದಳು. ಎರಡನೆಯ ಋತುವಿನ ಕೊನೆಗೆ ಶಾಲೆಗೆ ಹೋಗಬೇಕೆಂದು ತಾನೇ ಕೇಳಿದಳು. ನಾವು ನಿಲ್ಲಿಸಿದ್ದಕ್ಕೆ ಅದೇ ಕಾರಣ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಕಡಲಿಗೆ ಇಳಿಯುವ ಸಂಸಾರಕ್ಕೆ ನನ್ನ ಕಳಕಳಿಯ ಬೇಡಿಕೆಯೊಂದಿದೆ: ಯಾರಿಗೂ ತಾರೀಖು ಕೊಡಬೇಡಿ. ಗೋವೆಯಿಂದ ಮುಂಬೈಗೆ ಸುಮಾರು 230 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯಂತೆ ಎರಡು ದಿನದೊಳಗೆ ಮುಗಿಯಬೇಕು. ನಮಗೆ ಹತ್ತೊಂಬತ್ತು ದಿನ ಹಿಡಿಯಿತು. ಉತ್ತರಕ್ಕೆ ಹೋಗುವವರಿಗೆ ಹಗಲಿನ ವಾಯವ್ಯದ ಗಾಳಿ ಎದುರು; ನಡುರಾತ್ರಿ ಎದ್ದು ನೆಲದ ಗಾಳಿ ಹಿಡಿದು, ಅದು ಬೀಳುವ ಮೊದಲು ಮುಂದಿನ ಅಳಿವೆ ಸೇರಿಕೊಳ್ಳಬೇಕು. ಆ ಸಲ ಮುಂಬೈಯ ಮಾಟುಂಗದಲ್ಲಿ ನನ್ನ ತಮ್ಮನ ಮದುವೆ ಇತ್ತು. ರತ್ನಾಗಿರಿ ಕಡೆಯ ಜೈಗಡದಲ್ಲಿದ್ದಾಗ ಗಾಳಿ ಜೋರಾಯಿತು, ಮದುವೆಗೆ ನಾಲ್ಕು ದಿನ ಉಳಿದಿತ್ತು. ಹೋಗಿಬಿಡೋಣ ಎಂದು ನನ್ನ ಮನಸ್ಸು ಎಷ್ಟು ಎಳೆಯಿತೆಂದರೆ, ಅಪಘಾತಗಳು ಹೇಗೆ ಆಗುತ್ತವೆ ಎಂಬುದು ಅಂದು ನನಗೆ ತಿಳಿಯಿತು. ಮನೆಯವರು ದೋಣಿಯಲ್ಲಿ ಉಳಿದರು; ನಾನು ಮಕ್ಕಳನ್ನು ಕರೆದುಕೊಂಡು ರತ್ನಾಗಿರಿಗೆ ಹೋಗಿ ಕೊಂಕಣ ರೈಲು ಹತ್ತಿದೆ.

ನಮ್ಮ ಹಿರಿಯರು ಈ ಕಾಯುವುದನ್ನೇ ಹಬ್ಬ ಮಾಡಿದ್ದರು. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವವರೆಗೆ ಹಾಯಿ ಏರುತ್ತಿರಲಿಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆದರೆ ಪುಟ್ಟ ಹಾಯಿದೋಣಿಗೆ ಅದೂ ಸಾಲದು. ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮಳೆಗಾಲದ ಹಿಂದು ಮುಂದಿನ ತಿಂಗಳುಗಳಲ್ಲಿಯೇ ಏಳುತ್ತವೆ.

ಮುಳುಗಿದರೆ ಏನು ಎಂದು ಒಬ್ಬ ತರುಣ ಕೇಳಿದ್ದಾನೆ. ನಾನೂ ರಾತ್ರಿಗಳಲ್ಲಿ ಅದನ್ನೇ ಯೋಚಿಸಿದವಳು. 1971ರಲ್ಲಿ ಇಂಗ್ಲೆಂಡಿನಿಂದ ಹೊರಟ ರಾಬರ್ಟ್‌ಸನ್ ಕುಟುಂಬದ ದೋಣಿ 1972ರ ಜೂನ್ 15ರಂದು ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ ಕಿಲ್ಲರ್ ತಿಮಿಂಗಿಲಗಳ ಹೊಡೆತಕ್ಕೆ ಒಡೆದು ನಿಮಿಷಗಳಲ್ಲಿ ಮುಳುಗಿತು. ತಂದೆ, ತಾಯಿ, ಮೂವರು ಗಂಡುಮಕ್ಕಳು, ಜೊತೆಗಿದ್ದ ಒಬ್ಬ ಯುವಕ, ಆರು ಜನ ಮೊದಲು ತೆಪ್ಪದಲ್ಲಿ, ಅದೂ ಹಾಳಾದ ಮೇಲೆ ಪುಟ್ಟ ಡಿಂಗಿ ದೋಣಿಯಲ್ಲಿ, ಮಳೆ ನೀರು ಮತ್ತು ಆಮೆಯ ಮಾಂಸದಿಂದ 38 ದಿನ ಬದುಕಿದರು. ಜಪಾನಿನ ಮೀನುಗಾರರು ಅವರನ್ನು ಎತ್ತಿಕೊಂಡರು. ಅವರ ಕಾಲದಲ್ಲಿ ಇಲ್ಲದ ಒಂದು ಉಪಕರಣ ಈಗ ಇದೆ. 406 ಮೆಗಾಹರ್ಟ್ಸ್‌ನ ತುರ್ತು ಸಂಕೇತದ ಪೆಟ್ಟಿಗೆಯನ್ನು ಒತ್ತಿದರೆ ಉಪಗ್ರಹದ ಮೂಲಕ ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಸುದ್ದಿ ಮುಟ್ಟಿ, ಅಲ್ಲಿಂದ ಕರಾವಳಿ ಕಾವಲು ಪಡೆಗೆ ಹೋಗುತ್ತದೆ. ದಡದ ಹತ್ತಿರವಿದ್ದರೆ ರೇಡಿಯೋದ ಚಾನೆಲ್ 16, ಫೋನ್ ಸಿಕ್ಕರೆ 1554. ಎಲ್ಲಕ್ಕಿಂತ ಮುಖ್ಯವಾದದ್ದು ಬಿದ್ದು ಹೋಗದಿರುವುದು. ರಾತ್ರಿ ಡೆಕ್ಕಿಗೆ ಬರುವವರು ದೊಡ್ಡವರಾಗಲಿ ಚಿಕ್ಕವರಾಗಲಿ ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡೇ ಬರಬೇಕು ಎಂಬ ನಿಯಮಕ್ಕೆ ನಮ್ಮಲ್ಲಿ ವಿನಾಯಿತಿ ಇರಲಿಲ್ಲ.

ಕಾಗದ ಪತ್ರಗಳ ತನಿಖೆ ಎಲ್ಲ ಬಂದರಿನಲ್ಲಿಯೂ ಇರುತ್ತದೆ. 2008ರ ನವೆಂಬರಿನಲ್ಲಿ ಮುಂಬೈಗೆ ದಾಳಿಕೋರರು ಬಂದದ್ದು ಅಪಹರಿಸಿದ ಮೀನುಗಾರಿಕೆ ಬೋಟಿನಲ್ಲಿ. ಅದನ್ನು ನೆನೆದರೆ ನಡುರಾತ್ರಿ ಪೊಲೀಸರು ದೀಪ ಬಿಟ್ಟು ಕೇಳಿದಾಗ ಸಿಟ್ಟು ಬರುವುದಿಲ್ಲ. ಮೀನುಗಾರರೊಡನೆ ನಡೆದುಕೊಳ್ಳುವ ರೀತಿ ಇನ್ನೂ ಮುಖ್ಯ. ಅಳಿವೆ ಅವರ ಅಂಗಳ, ನಾವು ದಾರಿಹೋಕರು. ದೇವಗಡದ ಬಳಿ ನಮ್ಮ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಾಗ ನೀರಿಗೆ ಹಾರಿ ಬಿಡಿಸಿದ ತಾಂಡೇಲರು, ಅಂದರೆ ಮೀನು ಬೋಟಿನ ಮುಖ್ಯಸ್ಥರು, ಹರಿದ ಬಲೆಗೆ ನಾವು ಕೊಡಲು ಹೋದ ಹಣವನ್ನು ಮೊದಲು ಬೇಡವೆಂದು, ನಮ್ಮ ಒತ್ತಾಯಕ್ಕೆ ಅರ್ಧ ಮಾತ್ರ ತೆಗೆದುಕೊಂಡರು.

ಈಗ ದೋಣಿ ಮಾಂಡವಿಯ ದಡದಲ್ಲಿ ಮರದ ಕಂಬಗಳ ಆಸರೆಯಲ್ಲಿ ನಿಂತಿದೆ. ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ಬಣ್ಣ ಹೊಡೆಯುವ ಕೆಲಸ ಅರ್ಧ ಆಗಿದೆ. ಕಳೆದ ಭಾನುವಾರ ಸರಪಳಿಯನ್ನು ಪೂರ್ತಿ ಹೊರತೆಗೆದು ಅಂಗಳದಲ್ಲಿ ಹಾಸಿದ್ದೆವು. ಶಾಲೆಗೆ ರಜೆಯಿದ್ದ ಮಗಳು ಟೇಪು ಹಿಡಿದು ಅಳೆಯುತ್ತ, ಐದು ಮೀಟರಿಗೆ ಬಿಳಿ, ಹತ್ತಕ್ಕೆ ಹಳದಿ ಎಂದು ಹೊಸ ಬಣ್ಣ ಹಚ್ಚುತ್ತ ಹೋದಳು. ಇಪ್ಪತ್ತನೆಯ ಮೀಟರಿಗೆ ಬಂದಾಗ ಕೆಂಪು ಡಬ್ಬಿ ತೆರೆದು, ಅಲ್ಲಿ ಮಾತ್ರ ಒಂದು ಗೇಣು ಅಗಲಕ್ಕೆ ಬಳಿದಳು.